ಎರಡು ಮುಟ್ಟುಗಳ ನಡುವೆ ರಕ್ತದ ಕಲೆ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು ಮೂವತ್ತನಾಲ್ಕು. ಮುಟ್ಟು ಮೊದಲಿನಿಂದಲೂ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಈಗಲೂ ಬರುತ್ತಿದೆ. ಆದರೆ ಇತ್ತೀಚೆಗೆ ಸ್ರಾವ ಪೂರ್ತಿ ನಿಂತು, ಇನ್ನು ಪ್ಯಾಡು ಬೇಡವೆಂದು ತೀರ್ಮಾನಿಸಿದ ಮೇಲೆ ಮತ್ತೆ ಕಂದು ಬಣ್ಣದ ಕಲೆ ಕಾಣಿಸಿಕೊಳ್ಳುತ್ತದೆ. ಒಮ್ಮೊಮ್ಮೆ ಎರಡು ಮುಟ್ಟುಗಳ ನಡುವೆಯೂ ಒರೆಸಿಕೊಂಡಾಗ ತಿಳಿಗೆಂಪು ಗುರುತು ಇರುತ್ತದೆ. ನೋವಿಲ್ಲ, ಜ್ವರವಿಲ್ಲ, ವಾಸನೆಯೂ ಇಲ್ಲ. ಪರಿಚಯದವರಲ್ಲಿ ಒಬ್ಬರು ಇದು ಮನಸ್ಸಿನ ಒತ್ತಡ ಎಂದರು, ಇನ್ನೊಬ್ಬರು ಹಾರ್ಮೋನಿನ ಏರುಪೇರು ಎಂದರು, ಮತ್ತೊಬ್ಬರು ಕ್ಯಾನ್ಸರಿನ ಹೆಸರೆತ್ತಿ ನಿದ್ದೆ ಕೆಡಿಸಿದರು. ಮೂವರೂ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಉತ್ತರ ಕೊಟ್ಟದ್ದು ನನಗೆ ವಿಚಿತ್ರವಾಗಿ ಕಂಡಿತು. ಇಂಥ ಕಲೆಗೆ ಏನೇನು ಕಾರಣಗಳಿರಬಹುದು, ವೈದ್ಯರ ಬಳಿ ಹೋಗುವ ಮೊದಲು ನಾನು ಏನನ್ನು ಗಮನಿಸಿಟ್ಟುಕೊಳ್ಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ನೀಲಿಶಾಯಿ:
ಗಾಬರಿಯಾಗಬೇಡಿ. ನಡುವೆ ಕಾಣುವ ತಿಳಿಗೆಂಪು ಗುರುತು ಬಹುಶಃ ಅಂಡೋತ್ಪತ್ತಿಯದು. ಅಂಡ ಹೊರಬರುವ ಮುನ್ನ ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಟ್ಟ ತುತ್ತತುದಿಗೆ ಏರಿ, ಅಲ್ಲಿಂದ ಥಟ್ಟನೆ ಇಳಿಯುತ್ತದೆ. ಆ ಇಳಿತಕ್ಕೆ ಗರ್ಭಕೋಶದ ಒಳಪದರ ಕೆಲವರಲ್ಲಿ ಸ್ವಲ್ಪ ಸಡಿಲಗೊಂಡು ಒಂದೆರಡು ಹನಿ ರಕ್ತ ಬರುತ್ತದೆ. ನನಗೂ ಹೀಗಾಗುತ್ತದೆ, ಒಂದು ದಿನದಲ್ಲಿ ನಿಂತುಹೋಗುತ್ತದೆ. ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಬರುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಸಂಶಯಪ್ರಾಣಿ:
ಆ ಹದಿನಾಲ್ಕನೆಯ ದಿನದ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರುವವರೆಗಿನ ಅವಧಿ ಹೆಚ್ಚುಕಡಿಮೆ ಎರಡು ವಾರದಷ್ಟೇ ಇರುತ್ತದೆ. ಹಿಗ್ಗುವುದು ಕುಗ್ಗುವುದು ಏನಿದ್ದರೂ ಅದಕ್ಕೆ ಮೊದಲಿನ ಅವಧಿ. ಆದ್ದರಿಂದ 35 ದಿನದ ಚಕ್ರದವರಿಗೆ ಅಂಡೋತ್ಪತ್ತಿ 21ನೆಯ ದಿನದ ಸುಮಾರಿಗೆ ಆಗುತ್ತದೆ. ಮುಂದಿನ ಮುಟ್ಟು ಬಂದ ಮೇಲೆ ಹಿಂದಕ್ಕೆ ಎಣಿಸಿ ನೋಡಿದರೆ ಮಾತ್ರ ಈ ಕಲೆ ಅಂಡೋತ್ಪತ್ತಿಯದೋ ಅಲ್ಲವೋ ಎಂದು ಅಂದಾಜು ಮಾಡಬಹುದು.

ನೀಲಿಶಾಯಿ:
ಒಪ್ಪಿದೆ. ಆದರೂ ನನ್ನ ಮಾತಿನ ತಿರುಳು ಬದಲಾಗಲಿಲ್ಲವಲ್ಲ.

ಬಿಳಿಕೋಟು:
ನಾನು ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುವವಳು. ಇಲ್ಲಿ ಬರೆಯುವುದು ತಪಾಸಣೆಗೆ ಬದಲಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮಕ್ಕಳಾಗುವ ವಯಸ್ಸಿನ ಯಾರೇ ಆಗಲಿ, ಅಕಾಲದಲ್ಲಿ ರಕ್ತ ಕಂಡರೆ ನಾವು ಮೊದಲು ಮಾಡುವುದು ಗರ್ಭಧಾರಣೆಯ ಪರೀಕ್ಷೆ. "ಸಾಧ್ಯವೇ ಇಲ್ಲ" ಎಂದವರಿಗೂ ಮಾಡುತ್ತೇವೆ. ಏಕೆಂದರೆ ಭ್ರೂಣ ಗರ್ಭಕೋಶದೊಳಗೆ ನೆಲೆಯೂರದೆ ಗರ್ಭನಾಳದಲ್ಲಿ ನಿಂತಿದ್ದರೆ ಅದರ ಮೊದಲ ಸುಳಿವು ಇಂಥದೇ ಅಲ್ಪ ಕಂದು ಸ್ರಾವವಾಗಿರಬಹುದು, ಆಕೆ ಅದನ್ನು ಮುಟ್ಟೆಂದೇ ಭಾವಿಸಿರಬಹುದು. ಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಕಣ್ಣು ಕತ್ತಲೆಗಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಇಂಥ ಚರ್ಚೆಗಳನ್ನು ಓದುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಎರಡನೆಯದಾಗಿ, ಸಹಜ ಎಂದರೆ ಏನು ಎಂಬುದಕ್ಕೆ ಒಂದು ಅಳತೆ ಇದೆ. ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋ 2018ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಂತೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನ ಇರಬಹುದು ಮತ್ತು ಸ್ರಾವ 8 ದಿನ ಮೀರಬಾರದು. 25 ದಿನಕ್ಕೊಮ್ಮೆ ಬರುವವರೂ 36 ದಿನಕ್ಕೊಮ್ಮೆ ಬರುವವರೂ ಸಹಜವಾಗಿಯೇ ಇದ್ದಾರೆ. ತಿಂಗಳಿಂದ ತಿಂಗಳಿಗೆ ನಾಲ್ಕಾರು ದಿನ ಆಚೀಚೆ ಆಗುವುದೂ ಸಹಜವೇ. ಸಂಜೆಮಲ್ಲಿಗೆಯವರ ಮುಟ್ಟು ಕ್ರಮವಾಗಿ ಬರುತ್ತಿದೆ, ಅದರ ಮೇಲೆ ಹೆಚ್ಚುವರಿಯಾಗಿ ಕಲೆ ಕಾಣುತ್ತಿದೆ. ಮುಟ್ಟೇ ಅಡ್ಡಾದಿಡ್ಡಿಯಾಗಿ ಬರುವುದು ಬೇರೆ, ಇದು ಬೇರೆ. ಎರಡಕ್ಕೂ ನಾವು ಹುಡುಕುವ ಕಾರಣಗಳು ಬೇರೆಬೇರೆ.

ಸಂಜೆಮಲ್ಲಿಗೆಯವರೇ, ನಿಮಗೆ ಕೆಲವು ಪ್ರಶ್ನೆಗಳು: ಗರ್ಭನಿರೋಧಕ ಏನಾದರೂ ಬಳಸುತ್ತಿದ್ದೀರಾ? ಸಂಭೋಗದ ನಂತರ ರಕ್ತ ಕಾಣುತ್ತದೆಯೇ? ಹೆರಿಗೆ ಆಗಿದ್ದರೆ ಸಹಜವೋ ಸಿಸೇರಿಯನ್ನೋ? ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆ ಯಾವಾಗಲಾದರೂ ಆಗಿದೆಯೇ?

ನೇರಮಾತು:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನನ್ನ ಅಕ್ಕನಿಗೆ ಹೀಗೇ ಆಗುತ್ತಿತ್ತು. ಔಷಧಿ ಅಂಗಡಿಯಲ್ಲಿ ಕೇಳಿ ಹಾರ್ಮೋನಿನ ಮಾತ್ರೆ ಹತ್ತು ದಿನ ತೆಗೆದುಕೊಂಡಳು, ಎಲ್ಲವೂ ಹಾದಿಗೆ ಬಂತು.

ಮಾತ್ರೆಪೆಟ್ಟಿಗೆ:
ಔಷಧಿ ಅಂಗಡಿಯ ಒಳಗಡೆ ನಿಲ್ಲುವವನಾಗಿ ಇದಕ್ಕೆ ಉತ್ತರಿಸಲೇಬೇಕಾಗಿದೆ. ನೋರೆಥಿಸ್ಟೆರೋನ್ ಎಂಬ ಈ ಹಾರ್ಮೋನಿನ ಮಾತ್ರೆಯನ್ನು ಚೀಟಿ ಇಲ್ಲದೆ ಕೇಳಿಕೊಂಡು ಬರುವವರು ಬಹಳ. ಆ ಮಾತ್ರೆ ನುಂಗುವಷ್ಟು ದಿನ ಒಳಪದರವನ್ನು ಹಿಡಿದಿಡುತ್ತದೆ, ಬಿಟ್ಟ ಎರಡು ಮೂರು ದಿನಗಳಲ್ಲಿ ಪದರ ಕಳಚಿ ಸ್ರಾವ ಬರುತ್ತದೆ. ಬಂದದ್ದನ್ನು ನೋಡಿ ಮುಟ್ಟು ಸರಿಯಾಯಿತು ಎಂದು ಜನ ಸಮಾಧಾನಪಡುತ್ತಾರೆ. ನಿಜವಾಗಿ ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಬಂದ ಸ್ರಾವವೇ ಹೊರತು ಚಕ್ರ ತಾನಾಗಿ ಸರಿಹೋದದ್ದಲ್ಲ. ಪಾಲಿಪ್, ಅಂದರೆ ಒಳಪದರದಲ್ಲಿ ಬೆಳೆಯುವ ಸಣ್ಣ ಮಾಂಸದ ಗಂಟು, ಇದ್ದರೆ ಅದು ಇದ್ದಲ್ಲಿಯೇ ಇರುತ್ತದೆ, ಥೈರಾಯ್ಡ್ ತೊಂದರೆಯಿದ್ದರೆ ಅದೂ ಹಾಗೆಯೇ ಉಳಿಯುತ್ತದೆ. ಹೊಟ್ಟೆಯಲ್ಲಿ ಗರ್ಭ ಇದೆಯೋ ಇಲ್ಲವೋ ತಿಳಿಯದೆ ನುಂಗಿದರೆ ಆಗುವ ಫಜೀತಿಯನ್ನು ಬೇರೆ ಹೇಳಬೇಕಿಲ್ಲ.

ನೇರಮಾತು:
ಆಕೆಗೆ ಆಮೇಲೆ ತೊಂದರೆಯೇ ಆಗಲಿಲ್ಲವಲ್ಲ, ಅದನ್ನು ಏನೆನ್ನುತ್ತೀರಿ?

ಮಾತ್ರೆಪೆಟ್ಟಿಗೆ:
ಒಂದು ತಿಂಗಳು ಅಂಡೋತ್ಪತ್ತಿ ತಪ್ಪಿ ಪದರ ಸುಮ್ಮನೆ ಬೆಳೆದು ಕಲೆ ಕಂಡಿದ್ದರೆ, ಮಾತ್ರೆ ಇರಲಿ ಇಲ್ಲದಿರಲಿ, ಮುಂದಿನ ತಿಂಗಳಲ್ಲಿ ಸರಿಹೋಗುತ್ತಿತ್ತು. ಹೆಸರು ಮಾತ್ರೆಗೆ ಬಂತು ಅಷ್ಟೇ.

ಬಿಳಿಕೋಟು:
ಮಾತ್ರೆಪೆಟ್ಟಿಗೆಯವರ ಮಾತಿಗೆ ಒಂದು ತಿದ್ದುಪಡಿ. ಆ ಮಾತ್ರೆ ಕೆಟ್ಟದ್ದಲ್ಲ, ನಾವೂ ಬರೆದುಕೊಡುತ್ತೇವೆ. ಅಂಡೋತ್ಪತ್ತಿ ಆಗದ ಚಕ್ರದಲ್ಲಿ ಒಳಪದರವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹುಟ್ಟುವುದೇ ಇಲ್ಲ. ಈಸ್ಟ್ರೋಜನ್ ಒಂದೇ ಒಳಪದರವನ್ನು ಬೆಳೆಸುತ್ತ ಹೋಗುತ್ತದೆ, ಆಮೇಲೆ ಅತಿ ದಪ್ಪಗೆ ಬಳಿದ ಗಾರೆ ಅಲ್ಲಲ್ಲಿ ಉದುರುವಂತೆ ಅದು ಹೇಳದೆ ಕೇಳದೆ ಕಳಚುತ್ತದೆ. ಅಂಥ ಕಡೆ ಹೊರಗಿನಿಂದ ಪ್ರೊಜೆಸ್ಟರಾನ್ ಮಾದರಿಯ ಔಷಧಿ ಕೊಡುವುದು ನೇರ ಚಿಕಿತ್ಸೆಯೇ. ನನ್ನ ತಕರಾರು ಇರುವುದು ಕಾರಣ ಹುಡುಕದೆ ಕೊಡುವುದಕ್ಕೆ. ಮುಟ್ಟು ಕ್ರಮವಾಗಿ ಬರುತ್ತಿರುವ ಸಂಜೆಮಲ್ಲಿಗೆಯವರಿಗೆ ಅಂಡೋತ್ಪತ್ತಿ ಆಗುತ್ತಿರುವ ಸಾಧ್ಯತೆಯೇ ಹೆಚ್ಚು. ಅವರಿಗೆ ಈ ಮಾತ್ರೆಯಿಂದ ಆಗುವ ಲಾಭ ಏನು?

ಸಂಜೆಮಲ್ಲಿಗೆ:
ಕೇಳಿದ್ದಕ್ಕೆ ಉತ್ತರಿಸುತ್ತಿದ್ದೇನೆ. ಗರ್ಭನಿರೋಧಕ ಬಳಸುತ್ತಿಲ್ಲ. ಸಂಭೋಗದ ನಂತರ ರಕ್ತ ಕಂಡಿಲ್ಲ. ಒಂದು ಮಗು, ಸಿಸೇರಿಯನ್. ಗರ್ಭಕಂಠದ ತಪಾಸಣೆ ಇದುವರೆಗೆ ಮಾಡಿಸಿಲ್ಲ. ಮೂತ್ರದಲ್ಲಿ ಮಾಡುವ ಗರ್ಭಪರೀಕ್ಷೆಯನ್ನು ಇಂದು ಬೆಳಿಗ್ಗೆ ಮಾಡಿಕೊಂಡೆ, ಒಂದೇ ಗೆರೆ ಬಂದಿದೆ. ಸಿಸೇರಿಯನ್ನಿಗೂ ಈ ಕಲೆಗೂ ಏನು ಸಂಬಂಧ ಎಂಬುದು ತಿಳಿಯಲಿಲ್ಲ.

ಬಿಳಿಕೋಟು:
ಸಂಬಂಧ ಇರಬಹುದು. ಸಿಸೇರಿಯನ್ನಿನಲ್ಲಿ ಗರ್ಭಕೋಶದ ಕೆಳಭಾಗವನ್ನು ಅಡ್ಡಲಾಗಿ ಕೊಯ್ದು ಹೊಲಿಯುತ್ತೇವೆ. ಕೆಲವರಲ್ಲಿ ಆ ಗಾಯ ಮಾಯ್ದ ಜಾಗದಲ್ಲಿ ಒಳಗಡೆಯಿಂದ ಒಂದು ಸಣ್ಣ ತಗ್ಗು ಉಳಿದುಬಿಡುತ್ತದೆ. ಮುಟ್ಟಿನ ರಕ್ತ ಹೊರಗೆ ಹರಿಯುವಾಗ ಸ್ವಲ್ಪ ಅಲ್ಲಿ ತಂಗುತ್ತದೆ, ಮುಟ್ಟು ನಿಂತ ಮೇಲೆ ನಿಧಾನವಾಗಿ ಜಿನುಗುತ್ತದೆ. ತಡವಾಗಿ ಹೊರಬಂದ ರಕ್ತ ಹಳೆಯದಾಗಿ ಬಣ್ಣ ಬದಲಿಸಿ ಕಂದಾಗಿರುತ್ತದೆ. ನೀವು ಬರೆದ "ನಿಂತ ಮೇಲೆ ಮತ್ತೆ ಕಂದು" ಎಂಬ ಮಾತು ಓದಿದಾಗಲೇ ನನಗೆ ಇದು ನೆನಪಾಯಿತು. ಆದರೆ ಇದೇ ಎಂದು ಇಲ್ಲಿ ಕೂತು ಹೇಳಲಾರೆ. ಒಳಪದರದಲ್ಲಿ ಬೆಳೆಯುವ ಪಾಲಿಪ್ ಕೂಡ ಇದೇ ಬಗೆಯಲ್ಲಿ, ನೋವೇ ಇಲ್ಲದೆ, ಕಲೆ ತೋರಿಸುತ್ತದೆ. ಯೋನಿಮಾರ್ಗದ ಸ್ಕ್ಯಾನಿಂಗ್ ಮಾಡಿದರೆ ಎರಡರ ಬಗ್ಗೆಯೂ ತಿಳಿಯುತ್ತದೆ.

ಸಂಶಯಪ್ರಾಣಿ:
ನಾನು ಮೂರು ಸ್ಕ್ಯಾನಿಂಗ್ ವರದಿಗಳಲ್ಲಿ "ಸಹಜ" ಎಂದು ಬಂದ ಮೇಲೆಯೂ ಪಾಲಿಪ್ ಸಿಕ್ಕವರ ಕಥೆ ಕೇಳಿದ್ದೇನೆ. ಸ್ಕ್ಯಾನಿಂಗನ್ನು ಅಷ್ಟು ನಂಬಬಹುದೇ?

ಬಿಳಿಕೋಟು:
ಪೂರ್ತಿ ನಂಬಲಾಗದು. ಒಳಪದರ ದಪ್ಪಗಿರುವ ದಿನಗಳಲ್ಲಿ ಸಣ್ಣ ಪಾಲಿಪ್ ಅದರೊಳಗೆ ಮರೆಯಾಗಿಬಿಡುತ್ತದೆ. ಅನುಮಾನ ಉಳಿದರೆ ಗರ್ಭಕೋಶದೊಳಗೆ ಸ್ವಲ್ಪ ಉಪ್ಪುನೀರಿನ ದ್ರಾವಣ ತುಂಬಿ ಸ್ಕ್ಯಾನಿಂಗ್ ಮಾಡುತ್ತೇವೆ. ಆಗ ಎರಡು ಗೋಡೆಗಳು ಬೇರ್ಪಟ್ಟು ನಡುವೆ ಜೋತಾಡುವ ಪಾಲಿಪ್ ಎದ್ದು ಕಾಣುತ್ತದೆ. ಇಲ್ಲವೇ ಹಿಸ್ಟರೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ಸಣ್ಣ ನಳಿಗೆಯನ್ನು ಗರ್ಭಕೋಶದೊಳಗೆ ಇಳಿಸಿ, ಕಣ್ಣಾರೆ ನೋಡಿ ಅಲ್ಲಿಯೇ ತೆಗೆದುಹಾಕಬಹುದು. ಹಿಂದೆ ಎಲ್ಲದಕ್ಕೂ ಕಣ್ಣು ಮುಚ್ಚಿಕೊಂಡು ಗರ್ಭಕೋಶ ಕೆರೆಯುವ ಡಿ ಅಂಡ್ ಸಿ ಮಾಡುತ್ತಿದ್ದರು. ಒಂದು ಮೂಲೆಯಲ್ಲಿ ಕುಳಿತ ಪಾಲಿಪ್ ಆ ಸಲಕರಣೆಗೆ ಸಿಗದೆ ತಪ್ಪಿಸಿಕೊಳ್ಳುತ್ತಿತ್ತು. ಕಾರಣ ಹುಡುಕಲು ಅದೊಂದನ್ನೇ ನೆಚ್ಚುವುದು ಈಗ ಕಡಿಮೆಯಾಗಿದೆ.

ತುಂತುರು:
ಗರ್ಭನಿರೋಧಕದ ಪ್ರಶ್ನೆ ಬಂದದ್ದರಿಂದ ನನ್ನದೊಂದು ಅನುಭವ. ಗುಳಿಗೆ ಶುರು ಮಾಡಿದ ಹೊಸತರಲ್ಲಿ ವಾರಗಟ್ಟಲೆ ಕಲೆ ಬರುತ್ತಿತ್ತು. ಹೆದರಿ ನಡುವೆಯೇ ಬಿಟ್ಟೆ, ಮತ್ತೆ ಶುರು ಮಾಡಿದೆ, ಮತ್ತೆ ಕಲೆ. ಮೊದಲ ಮೂರು ತಿಂಗಳು ಹೀಗಾಗುವುದು ಸಾಮಾನ್ಯ, ದಿನವೂ ಒಂದೇ ಹೊತ್ತಿಗೆ ತಪ್ಪದೆ ತೆಗೆದುಕೊಂಡರೆ ನಿಲ್ಲುತ್ತದೆ ಎಂದು ಕೊಡುವಾಗಲೇ ಹೇಳಿದ್ದರೆ ಅಷ್ಟು ಪರದಾಟ ಇರುತ್ತಿರಲಿಲ್ಲ. ಚೀಟಿ ಬರೆದವರು ಆ ಒಂದು ವಾಕ್ಯವನ್ನು ಉಳಿಸಿಕೊಂಡರು.

ಮಾತ್ರೆಪೆಟ್ಟಿಗೆ:
ಗುಳಿಗೆ ತಪ್ಪಿದರೆ ಕಲೆ ಕಾಣುವುದು ತೀರಾ ಸಾಮಾನ್ಯ. ಅದರ ಜೊತೆಗೆ ಬೇರೆ ಔಷಧಿಗಳನ್ನೂ ನೋಡಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್ ಇವು ಯಕೃತ್ತಿನಲ್ಲಿ ಗುಳಿಗೆಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಆಗ ಕಾಣುವ ಕಲೆ ಗುಳಿಗೆ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಯೂ ಆಗಿರಬಹುದು. ಎಲ್ಲ ಆಂಟಿಬಯೋಟಿಕ್‌ಗಳೂ ಹೀಗೆ ಮಾಡುತ್ತವೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಅಮಾಕ್ಸಿಸಿಲಿನ್ ಅಂಥವುಗಳಿಂದ ಗುಳಿಗೆಯ ಶಕ್ತಿ ಕುಂದುವುದಿಲ್ಲ, ವಾಂತಿ ಭೇದಿಯಾಗಿ ಗುಳಿಗೆ ಹೊರಹೋದರೆ ಆ ಮಾತು ಬೇರೆ.

ನೀಲಿಶಾಯಿ:
ಕಾಪರ್ ಟಿ ಹಾಕಿಸಿಕೊಂಡವರ ಗತಿ ಏನು?

ತುಂತುರು:
ನಾನು ಈಗ ಅದನ್ನೇ ಬಳಸುತ್ತಿದ್ದೇನೆ. ಮುಟ್ಟಿನ ಸ್ರಾವ ಮೊದಲಿಗಿಂತ ಹೆಚ್ಚು, ಆರಂಭದ ತಿಂಗಳುಗಳಲ್ಲಿ ನಡುನಡುವೆ ಕಲೆಯೂ ಇತ್ತು.

ಬಿಳಿಕೋಟು:
ತಾಮ್ರದ್ದರಲ್ಲಿ ಸ್ರಾವ ಹೆಚ್ಚುವುದು ಗೊತ್ತಿರುವ ಸಂಗತಿ. ಹಾರ್ಮೋನು ಇರುವ ಲೂಪ್ ಇದಕ್ಕೆ ತದ್ವಿರುದ್ಧ: ಮೊದಲ ಮೂರರಿಂದ ಆರು ತಿಂಗಳು ಹನಿಹನಿಯಾಗಿ ಕಾಡಿಸಿ, ಆಮೇಲೆ ಸ್ರಾವವನ್ನು ಬಹಳ ತಗ್ಗಿಸುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದಿನಲ್ಲಿ ಮೊದಮೊದಲು ಕಲೆ ಯಾವಾಗ ಬರುತ್ತದೆಂದು ಹೇಳಲಾಗದು, ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟೇ ನಿಂತಿರುತ್ತದೆ. ಆದರೆ ವರ್ಷಗಳಿಂದ ತಂಟೆ ಕೊಡದ ಸಾಧನ ಇದ್ದಕ್ಕಿದ್ದಂತೆ ಕಲೆ ತೋರಿಸಲು ಶುರು ಮಾಡಿದರೆ ಅದನ್ನು ಸಾಧನದ ತಲೆಗೆ ಕಟ್ಟಬೇಡಿ. ಜಾಗ ಬಿಟ್ಟು ಜರುಗಿದೆಯೇ, ಸೋಂಕು ಇದೆಯೇ, ಗರ್ಭ ನಿಂತಿದೆಯೇ ಎಂದು ನೋಡಬೇಕಾಗುತ್ತದೆ.

ಮಗಳತಾಯಿ:
ನನ್ನದು ಸ್ವಲ್ಪ ಬೇರೆ ಪ್ರಶ್ನೆ. ಮಗಳು ಮೈನೆರೆದು ವರ್ಷ ತುಂಬಿಲ್ಲ. ಎರಡು ತಿಂಗಳು ಮುಟ್ಟು ಬಾರದೆ ಇದ್ದು, ಬಂದಾಗ ಎರಡು ವಾರ ನಿಲ್ಲುವುದಿಲ್ಲ. ಶಾಲೆಯಲ್ಲಿ ಬಟ್ಟೆಗೆ ಆಗಿಬಿಡುತ್ತದೆಂದು ಬೆಂಚು ಬಿಟ್ಟು ಏಳುವುದಕ್ಕೇ ಹೆದರುತ್ತಾಳೆ. ಎಲ್ಲರೂ "ವಯಸ್ಸಿಗೆ ತಕ್ಕದ್ದು, ತಾನಾಗಿ ಸರಿಹೋಗುತ್ತದೆ" ಎನ್ನುತ್ತಿದ್ದಾರೆ.

ನೀಲಿಶಾಯಿ:
ನಿಜ, ಮೊದಲ ಎರಡು ಮೂರು ವರ್ಷ ಮೆದುಳು ಮತ್ತು ಅಂಡಾಶಯಗಳ ನಡುವಿನ ಹೊಂದಾಣಿಕೆ ಪಕ್ವವಾಗಿರುವುದಿಲ್ಲ. ಎಷ್ಟೋ ತಿಂಗಳು ಅಂಡೋತ್ಪತ್ತಿಯೇ ಆಗುವುದಿಲ್ಲ. ಈ ವಯಸ್ಸಿನಲ್ಲಿ 45 ದಿನದವರೆಗಿನ ಚಕ್ರ ಇದ್ದರೂ ಚಿಂತಿಸಬೇಕಿಲ್ಲ ಎಂದು ಓದಿದ್ದೇನೆ.

ಪ್ರಯೋಗಾಲಯದವಳು:
ಅಂತರ ಹೆಚ್ಚುವುದಕ್ಕೆ ನೀಲಿಶಾಯಿಯವರ ಮಾತು ಸರಿ, ಎರಡು ವಾರ ನಿಲ್ಲದ ಸ್ರಾವಕ್ಕೆ ಸರಿಯಲ್ಲ. ಮಗಳತಾಯಿಯವರೇ, ಆಕೆಗೆ ಮೂಗಿನಿಂದ ಆಗಾಗ ರಕ್ತ ಬರುತ್ತದೆಯೇ, ಸಣ್ಣ ತಾಗುಗಳಿಗೂ ಮೈಮೇಲೆ ನೀಲಿಗಟ್ಟುತ್ತದೆಯೇ, ಹಲ್ಲು ತೆಗೆಸಿದಾಗ ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ನೆನಪಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟುವುದರಲ್ಲಿ ಹುಟ್ಟಿನಿಂದಲೇ ಕೊರತೆ ಇರುವ ಹುಡುಗಿಯರಲ್ಲಿ ಅದು ಮೊದಲು ಬಯಲಾಗುವುದು ಹಲವು ಸಲ ಮುಟ್ಟು ಶುರುವಾದಾಗಲೇ. ಫಾನ್ ವಿಲ್ಲೆಬ್ರಾಂಡ್ ಎಂಬ ಫಿನ್ಲೆಂಡಿನ ವೈದ್ಯ 1926ರಲ್ಲಿ ಇಂಥ ಒಂದು ಕುಟುಂಬದ ಬಗ್ಗೆ ಬರೆದ, ರೋಗಕ್ಕೆ ಅವನ ಹೆಸರೇ ನಿಂತಿತು. ಆ ಅಧ್ಯಯನದ ಕೇಂದ್ರದಲ್ಲಿದ್ದ ಬಾಲಕಿ ಹದಿಹರೆಯಕ್ಕೆ ಕಾಲಿಟ್ಟ ಹೊಸತರಲ್ಲಿ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು. ಈಗ ಅದಕ್ಕೆ ರಕ್ತಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ.

ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಪರೀಕ್ಷೆ, ಕೂಡ ಮಾಡಿಸಿ. ನನ್ನ ಮೇಜಿಗೆ ಬರುವ ಎಷ್ಟೋ ವರದಿಗಳಲ್ಲಿ ಹಿಮೋಗ್ಲೋಬಿನ್ 12ರ ಮೇಲಿದ್ದು ಸಹಜ ಎಂದು ಅಚ್ಚಾಗಿರುತ್ತದೆ, ಪಕ್ಕದ ಸಾಲಿನಲ್ಲಿ ಫೆರಿಟಿನ್ ತಳ ಕಂಡಿರುತ್ತದೆ. ದೇಹ ಮೊದಲು ಕೂಡಿಟ್ಟ ಕಬ್ಬಿಣವನ್ನು ಖರ್ಚು ಮಾಡುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. ಸುಸ್ತು, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಆ ಹಂತದಲ್ಲಿಯೇ ಶುರುವಾಗಬಹುದು.

ಮಗಳತಾಯಿ:
ಮೂಗಿನ ರಕ್ತ ಚಿಕ್ಕಂದಿನಿಂದಲೂ ಇದೆ. ಉಷ್ಣ ಎಂದು ಸುಮ್ಮನಿದ್ದೆವು. ಇದೇ ವಾರ ಕರೆದುಕೊಂಡು ಹೋಗುತ್ತೇನೆ.

ಬಿಳಿಕೋಟು:
ಹೋಗುವಾಗ ಮೂಗಿನ ರಕ್ತದ ವಿಷಯವನ್ನು ನೀವಾಗಿಯೇ ಹೇಳಿ, ಕೇಳಲಿ ಎಂದು ಕಾಯಬೇಡಿ. ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮಾದರಿಯ ನೋವಿನ ಮಾತ್ರೆಗಳನ್ನು ಕೊಡಬೇಡಿ. ಒಂದು ಗಂಟೆಗೊಂದು ಪ್ಯಾಡು ತೊಯ್ದು, ಹಾಗೆ ಎರಡು ಗಂಟೆಗೂ ಮೀರಿ ಮುಂದುವರಿದರೆ, ಅಥವಾ ಎದ್ದು ನಿಂತಾಗ ತಲೆ ತಿರುಗಿದರೆ, ವಾರದ ಮಾತು ಬಿಟ್ಟು ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಂಶಯಪ್ರಾಣಿ:
ಒತ್ತಡದ ವಿಷಯ ಯಾರೂ ಎತ್ತಲಿಲ್ಲ. ಅದು ಪೂರ್ತಿ ಸುಳ್ಳೇ?

ಬಿಳಿಕೋಟು:
ಸುಳ್ಳಲ್ಲ. ತೀವ್ರ ಒತ್ತಡ, ಒಮ್ಮೆಲೇ ತೂಕ ಇಳಿಸುವುದು, ಮಿತಿಮೀರಿದ ವ್ಯಾಯಾಮ ಇವು ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶವನ್ನು ತಗ್ಗಿಸುತ್ತವೆ. ಆಗ ಅಂಡೋತ್ಪತ್ತಿ ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಮುಟ್ಟು ಮುಂದೆ ಹೋಗುತ್ತದೆ. ಮುಟ್ಟು ಕ್ರಮವಾಗಿ ಬಂದು, ಪ್ರತಿ ತಿಂಗಳೂ ಚಕ್ರದ ಅದೇ ದಿನಗಳಲ್ಲಿ ಕಲೆ ಬಂದರೆ ಒತ್ತಡವನ್ನು ದೂರಿ ಕೂರುವುದು ಸೋಮಾರಿತನ. ರೋಗಿಯದ್ದಲ್ಲ, ನಮ್ಮದು.

ದುಂಡುಮಲ್ಲಿ:
ನನಗೆ ಪಿಸಿಓಎಸ್, ಅಂದರೆ ಅಂಡೋತ್ಪತ್ತಿ ಸರಿಯಾಗಿ ಆಗದ ಹಾರ್ಮೋನಿನ ತೊಂದರೆ, ಇದೆ. ಮುಟ್ಟು ನಾಲ್ಕೈದು ತಿಂಗಳಿಗೊಮ್ಮೆ. ನಡುವೆ ಕಲೆ ಬಂದರೆ "ಬಂತಲ್ಲ, ಸದ್ಯ" ಎಂದು ಸಮಾಧಾನಪಡುತ್ತೇನೆ. ಮುಟ್ಟು ಬಾರದೆ ಇರುವುದೇ ಒಂದು ರೀತಿ ಆರಾಮ ಎಂದು ಕೂಡ ಅನ್ನಿಸುತ್ತದೆ.

ಬಿಳಿಕೋಟು:
ದುಂಡುಮಲ್ಲಿಯವರೇ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಲೆ ಹೇಳಿದ ಪ್ರೊಜೆಸ್ಟರಾನ್ ಇಲ್ಲದ ಸ್ಥಿತಿ ನಿಮ್ಮಲ್ಲಿ ತಿಂಗಳುಗಟ್ಟಲೆ ಇರುತ್ತದೆ. ವರ್ಷಗಳ ಕಾಲ ಹೀಗೇ ಬಿಟ್ಟರೆ ಒಳಪದರದ ಕೋಶಗಳು ಅತಿಯಾಗಿ ಬೆಳೆದು, ಕೆಲವರಲ್ಲಿ ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ಹಾರ್ಮೋನಿನ ಚಿಕಿತ್ಸೆ ತೆಗೆದುಕೊಳ್ಳದವರಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಪದರ ಕಳಚಬೇಕು ಎಂದು ನಾವು ನೋಡುವುದು ಇದಕ್ಕಾಗಿಯೇ. ಒಂದೆರಡು ದಿನದ ಕಲೆಯನ್ನು ಮುಟ್ಟೆಂದು ಲೆಕ್ಕ ಹಿಡಿಯಲಾಗದು. ಪ್ರೊಜೆಸ್ಟರಾನ್ ಮಾತ್ರೆ, ಸಂಯುಕ್ತ ಗುಳಿಗೆ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ಮಾದರಿ ಎರಡೂ ಇರುವ ಗರ್ಭನಿರೋಧಕ), ಹಾರ್ಮೋನಿನ ಲೂಪ್ ಇವುಗಳಲ್ಲಿ ನಿಮಗೆ ಯಾವುದು ಹೊಂದುತ್ತದೆ ಎಂದು ಕೇಳಿ. ಮೂವತ್ತೈದು ದಾಟಿದ ಧೂಮಪಾನಿಗಳಿಗೆ, ಕಣ್ಣಿಗೆ ಮಿಂಚು ಕಂಡು ಶುರುವಾಗುವ ಮೈಗ್ರೇನ್ ಇರುವವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಸಂಯುಕ್ತ ಗುಳಿಗೆ ಬೇಡ.

ನೇರಮಾತು:
ಅಂದರೆ ಕಡೆಗೆ ನನ್ನ ಮಾತ್ರೆಗೇ ಬಂದಿರಿ.

ಮಾತ್ರೆಪೆಟ್ಟಿಗೆ:
ಬಂದದ್ದು ಮಾತ್ರೆಗೆ, ಅಂಗಡಿಯ ಕಟ್ಟೆಗಲ್ಲ.

ಹಿರಿಯಕ್ಕ:
ಓದುತ್ತಾ ಬಂದೆ. ನನ್ನ ಮುಟ್ಟು ನಿಂತು ಆರು ವರ್ಷಗಳಾದ ಮೇಲೆ ಒಂದು ದಿನ ಒಳಲಂಗದ ಮೇಲೆ ಸಣ್ಣ ಗುಲಾಬಿ ಕಲೆ ಕಂಡಿತು. ಒಂದೇ ದಿನ, ಕಾಸಿನಗಲ. ಸೊಸೆ ಒತ್ತಾಯಿಸದಿದ್ದರೆ ಹೋಗುತ್ತಿರಲಿಲ್ಲ. ನನ್ನ ಮಟ್ಟಿಗೆ ಅದು ಯೋನಿಯ ಪದರ ಒಣಗಿ ತೆಳ್ಳಗಾದದ್ದರಿಂದ ಬಂದ ರಕ್ತವಾಗಿತ್ತು, ಹಚ್ಚುವ ಔಷಧಿಯಲ್ಲಿ ವಾಸಿಯಾಯಿತು. ಆದರೆ ಅಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಇಂಥದೇ ಕಲೆಯನ್ನು ಬಹಳ ತಿಂಗಳು ಮುಚ್ಚಿಟ್ಟುಕೊಂಡಿದ್ದಳು.

ಬಿಳಿಕೋಟು:
ಹಿರಿಯಕ್ಕನವರು ಹೋದದ್ದು ಬಹಳ ಒಳ್ಳೆಯದಾಯಿತು. ಕೊನೆಯ ಮುಟ್ಟಾಗಿ ಹನ್ನೆರಡು ತಿಂಗಳು ಕಳೆದ ಮೇಲೆ ಬರುವ ಯಾವ ರಕ್ತವೂ, ಒಂದು ಹನಿಯಾದರೂ, ಪರೀಕ್ಷೆಯಾಗಲೇಬೇಕು. ಹಾಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ಮೊದಲ ಸೂಚನೆ ಈ ರಕ್ತವೇ. ಬೇಗ ಬಂದರೆ ಬೇಗ ಸಿಗುತ್ತದೆ, ಬಹುಪಾಲು ಗುಣವೂ ಆಗುತ್ತದೆ. ಸ್ತನದ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು.

ಸಂಶಯಪ್ರಾಣಿ:
ನಲವತ್ತೈದರಿಂದ ಐವತ್ತರವರು ಏನು ಮಾಡಬೇಕು? ಆ ವಯಸ್ಸಿನಲ್ಲಿ ಮುಟ್ಟು ಹಿಂದುಮುಂದಾಗುವುದು ಇದ್ದದ್ದೇ. ಎಲ್ಲರೂ ಪರೀಕ್ಷೆಗೆ ಓಡಬೇಕೆ?

ಪ್ರಯೋಗಾಲಯದವಳು:
ಮುಟ್ಟು ದೂರದೂರವಾಗಿ, ಸ್ರಾವ ಕಡಿಮೆಯಾಗುತ್ತ ಹೋಗುವುದು ನಿಲ್ಲುವ ಕಾಲದ ಸಹಜ ಹಾದಿ. ಹತ್ತಿರಹತ್ತಿರವಾಗಿ, ಹೆಚ್ಚುಹೆಚ್ಚಾಗಿ, ನಡುನಡುವೆ ಕಲೆಯೊಂದಿಗೆ ಬರುವುದನ್ನು ಆ ಲೆಕ್ಕಕ್ಕೆ ಸೇರಿಸಬಾರದು. 45 ದಾಟಿದವರಲ್ಲಿ ಇಂಥ ಸ್ರಾವ ಇದ್ದರೆ ಒಳಪದರದ ಚೂರು ತೆಗೆದು ನಮ್ಮಲ್ಲಿಗೆ ಪರೀಕ್ಷೆಗೆ ಕಳಿಸುತ್ತಾರೆ. ತೂಕ ಬಹಳ ಇರುವವರಲ್ಲಿ, ದುಂಡುಮಲ್ಲಿಯವರಂತೆ ದೀರ್ಘಕಾಲ ಮುಟ್ಟು ತಪ್ಪಿದವರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ಕಳಿಸುವುದುಂಟು. ಗಡ್ಡೆ, ಅಂದರೆ ಫೈಬ್ರಾಯ್ಡ್, ಸ್ರಾವ ಹೆಚ್ಚಿಸುವ ವಯಸ್ಸೂ ಇದೇ.

ನೀಲಿಶಾಯಿ:
ಕೋವಿಡ್ ಲಸಿಕೆಯಿಂದ ಮುಟ್ಟು ಕೆಟ್ಟಿತು ಎಂದು ಬಹಳ ಜನ ಹೇಳುತ್ತಿದ್ದರು. ಅದರ ಕಥೆ ಏನಾಯಿತು?

ಸಂಶಯಪ್ರಾಣಿ:
ಸಾವಿರಾರು ಮಂದಿಯ ದಾಖಲೆ ನೋಡಿ ಅಧ್ಯಯನ ಮಾಡಿದರು. ಲಸಿಕೆ ಹಾಕಿಸಿಕೊಂಡ ಚಕ್ರದ ಉದ್ದ ಸರಾಸರಿ ಒಂದು ದಿನದೊಳಗಷ್ಟೇ ಹೆಚ್ಚಿತು, ಆಮೇಲೆ ಹಿಂದಿನಂತಾಯಿತು. ಈಗಿನ ಕಲೆಗೆ ಆಗಿನ ಲಸಿಕೆಯನ್ನು ಹೊಣೆ ಮಾಡಲಾಗದು.

ದುಂಡುಮಲ್ಲಿ:
ಸಂಭೋಗದ ನಂತರ ರಕ್ತ ಕಂಡರೆ ಏನರ್ಥ? ಗೆಳತಿಯೊಬ್ಬಳಿಗೆ ಆಗುತ್ತಿದೆ, ಕೇಳಲು ನಾಚಿಕೆಪಡುತ್ತಿದ್ದಾಳೆ.

ಬಿಳಿಕೋಟು:
ನಾಚಿಕೆಯಿಂದ ತಡವಾಗಬಾರದ ಸಂಗತಿ ಅದು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ: ಗರ್ಭಕಂಠದ ಒಳಗಿನ ಮೃದು ಪದರ ಹೊರಮುಖಕ್ಕೆ ಹರಡಿರುವುದು, ಅಲ್ಲಿ ಬೆಳೆದ ಪಾಲಿಪ್, ಇಲ್ಲವೇ ಸಂಭೋಗದಿಂದ ಹರಡುವ ಕ್ಲಮೈಡಿಯಾದಂಥ ಸೋಂಕು. ಆ ಸೋಂಕು ಬಹುತೇಕ ಹೆಂಗಸರಲ್ಲಿ ಬೇರೆ ಲಕ್ಷಣವನ್ನೇ ತೋರಿಸುವುದಿಲ್ಲ, ಬಿಟ್ಟರೆ ಗರ್ಭನಾಳಗಳನ್ನು ಹಾಳು ಮಾಡುತ್ತದೆ. ಚಿಕಿತ್ಸೆ ಸಂಗಾತಿಗೂ ಒಟ್ಟಿಗೇ ಆಗಬೇಕು. ಆದರೆ ಗರ್ಭಕಂಠದ ಕ್ಯಾನ್ಸರ್ ತೋರಿಸುವ ಲಕ್ಷಣವೂ ಇದೇ ಆದ್ದರಿಂದ ಯೋನಿಯನ್ನು ಅಗಲಿಸಿ ಹಿಡಿಯುವ ಸಲಕರಣೆ (ಸ್ಪೆಕ್ಯುಲಮ್) ಇಟ್ಟು ಗರ್ಭಕಂಠವನ್ನು ಕಣ್ಣಿನಿಂದ ನೋಡಲೇಬೇಕು. "ಹೋದ ವರ್ಷದ ತಪಾಸಣೆ ಸರಿ ಇತ್ತು" ಎಂದು ಬಿಡುವಂತಿಲ್ಲ. ಆ ತಪಾಸಣೆ ಲಕ್ಷಣ ಇಲ್ಲದವರಿಗಾಗಿ ಇರುವುದು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು 70 ಶೇಕಡಾ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೆಯ ಬಗೆಗಳಿಂದಲೇ ಬರುತ್ತವೆ. ಎಚ್‌ಪಿವಿ ಪರೀಕ್ಷೆಯನ್ನು ಮೂವತ್ತರಿಂದ ಶುರು ಮಾಡಿ, ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಂಜೆಮಲ್ಲಿಗೆಯವರಿಗೂ ಅದು ಬಾಕಿ ಇದೆ.

ಸಂಜೆಮಲ್ಲಿಗೆ:
ಈ ತಿಂಗಳು ಬರೆದಿಟ್ಟುಕೊಂಡದ್ದನ್ನು ಹಾಕುತ್ತಿದ್ದೇನೆ, ಹೀಗೆ ಬರೆದರೆ ಸಾಕೇ ನೋಡಿ. "ಸ್ರಾವ ನಿಂತ ಮರುದಿನ: ಏನೂ ಇಲ್ಲ. ಅದರ ಮರುದಿನ ಬೆಳಿಗ್ಗೆ: ಕಂದು, ಉಗುರಿನಷ್ಟು, ಒಣಗಿದಂತೆ. ಸಂಜೆ ಬಹಳ ಹೊತ್ತು ಕುಳಿತು ಎದ್ದಾಗ: ಮತ್ತೆ ಕಂದು, ಸ್ವಲ್ಪ ಹೆಚ್ಚು. ಆಮೇಲೆ ಒಂದು ವಾರ ಶುದ್ಧ. ನಂತರ ಒಂದು ದಿನ ಎಳೆಎಳೆಯಾದ ಲೋಳೆಯ ಜೊತೆ ಗುಲಾಬಿ ಗೆರೆ, ಒಂದೇ ಸಲ."

ಸಂಶಯಪ್ರಾಣಿ:
ಎಳೆಎಳೆಯಾದ ಲೋಳೆ ಅಂಡೋತ್ಪತ್ತಿಯ ದಿನಗಳದ್ದು. ನೀಲಿಶಾಯಿಯವರ ಮೊದಲ ಊಹೆ ಆ ಗುಲಾಬಿ ಗೆರೆಯ ಮಟ್ಟಿಗೆ ಸರಿ ಇರಬಹುದು ಎಂದು ಒಪ್ಪುತ್ತೇನೆ.

ನೀಲಿಶಾಯಿ:
ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

ಬಿಳಿಕೋಟು:
ಹೀಗೆ ಬರೆದುಕೊಂಡು ಬಂದರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಕಂದು ಕಲೆಗೂ ಗುಲಾಬಿ ಗೆರೆಗೂ ಒಂದೇ ಕಾರಣ ಇರಬೇಕಾಗಿಲ್ಲ ಎಂಬುದು ಇದರಿಂದಲೇ ಕಾಣುತ್ತದೆ. ಇನ್ನೆರಡು ಸಂಗತಿ ಸೇರಿಸಿ: ತೆಗೆದುಕೊಳ್ಳುವ ಎಲ್ಲ ಔಷಧಿಗಳ ಹೆಸರು ಮತ್ತು ರಕ್ತ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂಬುದು. ಮೂತ್ರ ಮಾಡಿದಾಗ ಮಾತ್ರ ಕಾಣುತ್ತದೆಯೇ, ಮಲ ವಿಸರ್ಜನೆಯಾದಾಗ ಮಾತ್ರ ಕಾಣುತ್ತದೆಯೇ ಎಂದು ಗಮನಿಸಿ. ಮೂಲವ್ಯಾಧಿಯ ರಕ್ತಕ್ಕೆ ಗರ್ಭಕೋಶದ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ.

ದುಂಡುಮಲ್ಲಿ:
ನನ್ನ ಹಳೆಯ ವರದಿಯಲ್ಲಿ ಒಳಪದರದ ದಪ್ಪ 12 ಮಿಲಿಮೀಟರ್ ಎಂದಿದೆ. 4 ಮಿಲಿಮೀಟರ್ ದಾಟಬಾರದು ಎಂದು ಎಲ್ಲೋ ಓದಿ ಆಗಿನಿಂದ ಎದೆ ಹೊಡೆದುಕೊಳ್ಳುತ್ತಿದೆ.

ಬಿಳಿಕೋಟು:
ಆ 4 ಮಿಲಿಮೀಟರಿನ ಗಡಿ ಮುಟ್ಟು ನಿಂತು, ಆಮೇಲೆ ರಕ್ತ ಕಂಡವರಿಗೆ. ಮುಟ್ಟು ಬರುವ ವಯಸ್ಸಿನಲ್ಲಿ ಪದರ ಪ್ರತಿ ವಾರ ಬದಲಾಗುತ್ತದೆ, ಮುಟ್ಟಿಗೆ ಮುಂಚಿನ ದಿನಗಳಲ್ಲಿ 12 ಇದ್ದರೆ ಅದು ಸಹಜವೇ. ಯಾವ ದಿನ ಅಳೆದರು ಎಂಬುದಿಲ್ಲದೆ ಆ ಅಂಕಿಗೆ ಅರ್ಥವಿಲ್ಲ. ನಿಮ್ಮ ವಿಷಯದಲ್ಲಿ ಅಂಕಿಗಿಂತ ಹೆಚ್ಚಾಗಿ ನಾಲ್ಕೈದು ತಿಂಗಳು ಮುಟ್ಟಿಲ್ಲದೆ ಇದ್ದದ್ದು ನನ್ನನ್ನು ಚಿಂತೆಗೆ ಹಚ್ಚುತ್ತದೆ, ಅದಕ್ಕಾಗಿ ಹೋಗಿ. ಸಂಜೆಮಲ್ಲಿಗೆಯವರೇ, ನೀವು ಸ್ಕ್ಯಾನಿಂಗಿಗೆ ದಿನ ಕೇಳುವಾಗ ಮುಟ್ಟು ಮುಗಿದ ಕೂಡಲೇ ಬರುವ ದಿನಗಳನ್ನೇ ಕೇಳಿ. ಪದರ ಆಗ ತೆಳ್ಳಗಿರುತ್ತದೆ, ಪಾಲಿಪ್ ಇದ್ದರೆ ಸುಲಭವಾಗಿ ಕಾಣುತ್ತದೆ. ಕಲೆ ಇದೆ ಎಂಬ ಕಾರಣಕ್ಕೆ ಮುಂದೂಡಬೇಡಿ, ಸಿಸೇರಿಯನ್ ಆಗಿದೆ ಎಂಬುದನ್ನು ಸ್ಕ್ಯಾನಿಂಗ್ ಮಾಡುವವರಿಗೂ ಹೇಳಿ. ಹೇಳದಿದ್ದರೆ ಆ ತಗ್ಗನ್ನು ಹುಡುಕಿ ನೋಡುವ ಗೋಜಿಗೆ ಅನೇಕರು ಹೋಗುವುದಿಲ್ಲ.